ಇಂಜಿನ್ ನಿಂತ ಮೇಲೆ ಕೇಳಿದ ಸದ್ದು

ಕಾರಣವಿಲ್ಲದೆ ಯಾವುದೂ ನಡೆಯುವುದಿಲ್ಲ ಎಂದು ನಂಬಿದ್ದವನು ನಾನು. ಈಗಲೂ ಹೆಚ್ಚು ಕಡಿಮೆ ಹಾಗೇ ನಂಬುತ್ತೇನೆ. ತೊಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸುತ್ತಲಿನ ತಾಲ್ಲೂಕುಗಳ ಸುದ್ದಿಯನ್ನು ಪತ್ರಿಕೆಯೊಂದಕ್ಕೆ ಕಳಿಸುತ್ತಿದ್ದೆ. ನಾಗಮಂಗಲದ ಕಡೆ ಬೇವಿನ ಮರ ಹಾಲು ಸುರಿಸುತ್ತಿದೆ, ಪಾಂಡವಪುರದ ಹತ್ತಿರ ಪಾಳುಮನೆಯಲ್ಲಿ ದೀಪ ಕಾಣುತ್ತಿದೆ ಎಂದು ಯಾರಾದರೂ ಬಂದು ಹೇಳಿದರೆ ಬಸ್ಸು ಹತ್ತಿ ಹೋಗಿ ನೋಡುತ್ತಿದ್ದೆ. ಮರಕ್ಕೆ ರೋಗ ಬಂದಿರುತ್ತಿತ್ತು. ಪಾಳುಮನೆಯಲ್ಲಿ ಇಸ್ಪೀಟು ನಡೆಯುತ್ತಿರುತ್ತಿತ್ತು. ನನ್ನ ನೋಟ್‌ಬುಕ್ಕಿನ ಎಡಬದಿಯಲ್ಲಿ ಒಂದು ಗೆರೆ ಎಳೆದು, ಪ್ರತಿ ಸಂಗತಿಯ ಎದುರಿಗೂ ಅದನ್ನು ಹೇಳಿದವರ ಹೆಸರು ಬರೆದುಕೊಳ್ಳುವುದು ನನ್ನ ಪದ್ಧತಿ. ಹೆಸರಿಲ್ಲದ ಸಂಗತಿ ಸುದ್ದಿಯಲ್ಲ ಎಂದು ಕಲಿಸಿದ ಹಿರಿಯರ ಕೈಕೆಳಗೆ ಪಳಗಿದವನು ನಾನು.

ಇಂಥ ಅನುಭವಕ್ಕೆ ಅಮಾವಾಸ್ಯೆಯ ರಾತ್ರಿ ಬೇಕೆನ್ನುತ್ತಾರೆ. ನನಗಾದದ್ದು ಸಂಕ್ರಾಂತಿ ಕಳೆದು ತಿಂಗಳಾದ ಮೇಲೆ, ಒಂದು ಶನಿವಾರ ಮಧ್ಯಾಹ್ನ ಮೂರೂವರೆಗೆ, ನೆತ್ತಿ ಸುಡುವ ಬಿಸಿಲಿನಲ್ಲಿ.

ನನ್ನ ತಂಗಿ ಪದ್ಮಳ ಮದುವೆ ಆಗಷ್ಟೇ ಮುಗಿದಿತ್ತು. ಮರುದಿನ ಭಾನುವಾರ ಗಂಡಿನ ಊರಿನಲ್ಲಿ ಬೀಗರೂಟ. ನಮ್ಮೂರು ಕನ್ನಂಬಾಡಿ ಹಿನ್ನೀರಿನ ಪಾಂಡವಪುರದ ದಡದಲ್ಲಿ, ಅವರದು ಕೆ.ಆರ್. ಪೇಟೆ ತಾಲ್ಲೂಕಿನ ದಡದಲ್ಲಿ. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಅರ್ಧ ದಿನ, ನೀರಿನ ಮೇಲೆ ಅರ್ಧ ಗಂಟೆ. ಅಪ್ಪ ತೀರಿಕೊಂಡಿದ್ದರಿಂದ ಎಲ್ಲ ಏರ್ಪಾಟೂ ನನ್ನ ತಲೆಯ ಮೇಲಿತ್ತು. ಅವ್ವ, ಅತ್ತೆಯಂದಿರು, ಮಕ್ಕಳುಮರಿ ಸೇರಿ ನಲವತ್ತು ಜನ. ಎಲ್ಲರನ್ನೂ ಜವರಣ್ಣನ ಬೋಟಿನಲ್ಲಿ ದಾಟಿಸುವುದೆಂದು ನಾನೇ ತೀರ್ಮಾನ ಮಾಡಿದ್ದೆ.

ಜವರಣ್ಣ ನಮ್ಮೂರಿನವನೇ. ಬಾವಿಗೆ ಕರೆಂಟು ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದ ಡೀಸೆಲ್ ಇಂಜಿನ್ನನ್ನು ಎತ್ತಿ ತಂದು, ಹಳೆಯ ಮರದ ಬೋಟೊಂದರ ಹೊಟ್ಟೆಯಲ್ಲಿ ಕೂರಿಸಿದ್ದ. ಒಂದು ಪೈಪು ಹಿನ್ನೀರನ್ನು ಹೀರಿ ಇಂಜಿನ್ನನ್ನು ತಂಪು ಮಾಡಿ ಇನ್ನೊಂದು ಬದಿಯಿಂದ ಹೊರಗೆ ಚೆಲ್ಲುತ್ತಿತ್ತು. ಇಂಜಿನ್ನಿನಿಂದ ಹೊರಟ ಕಬ್ಬಿಣದ ಶಾಫ್ಟು ಬೋಟಿನ ಹಿಂಬದಿಯ ತೂತಿನಿಂದ ಹೊರಬಂದು ನೀರಿನೊಳಗಿನ ಫ್ಯಾನು ತಿರುಗಿಸುತ್ತಿತ್ತು. ಹುಲ್ಲು, ಸೈಕಲ್ಲು, ಸಂತೆಗೆ ಹೋಗುವ ಜನ ಎಲ್ಲವನ್ನೂ ಅವನು ಅದರಲ್ಲೇ ಸಾಗಿಸುತ್ತಿದ್ದ. ಆದರೆ ಕೆಲವು ವಾರಗಳಿಂದ ಇಂಜಿನ್ನು ವಿಪರೀತ ಕಾಯುತ್ತಿದೆ, ಏನೋ ಸದ್ದು ಮಾಡುತ್ತಿದೆ ಎಂದು ಊರಿನವರು ಹೇಳಿದ್ದರಿಂದ, ಬಾಬುರಾಯನಕೊಪ್ಪಲಿನಲ್ಲಿ ಶೆಡ್ಡು ಇಟ್ಟುಕೊಂಡಿದ್ದ ಖಾದರ್ ಸಾಬರನ್ನು ನಾನೇ ಕರೆದುಕೊಂಡು ಹೋದೆ.

ಜವರಣ್ಣನಿಗೆ ಇದು ಹಿಡಿಸಲಿಲ್ಲ. "ಕಾದ್ರೆ ಕಾಯ್ಲಿ ಬುಡಿ ಸಾಬ್ರೆ. ಗದ್ದೇಲಿ ಹತ್ತು ವರ್ಷ ಇಂಗೇ ಓಡ್ಸಿಲ್ವಾ? ಒಂದು ಒದ್ದೆ ಗೋಣಿಚೀಲ ಹೊದಿಸ್ಬುಟ್ರೆ ತಣ್ಣಗಾಯ್ತದೆ."

"ಏನ್ ಗೌಡ್ರೆ, ಇದು ಇಂಜಿನ್ನೋ, ಜ್ವರ ಬಂದಿರೋ ಮಗೀನೋ, ಒದ್ದೆಬಟ್ಟೆ ಹಾಕಕ್ಕೆ?" ಎಂದರು ಖಾದರ್ ಸಾಬರು.

ಸಾಬರಿಗೆ ಐವತ್ತು ದಾಟಿತ್ತು. ಅಕ್ಕಿ ಗಿರಣಿಗಳ ಇಂಜಿನ್ನುಗಳ ನಡುವೆ ವಯಸ್ಸು ಸವೆಸಿ ಕಿವಿ ಮುಕ್ಕಾಲು ಹೋಗಿತ್ತು. ಅದಕ್ಕೆ ಅವರೊಂದು ಉಪಾಯ ಮಾಡಿಕೊಂಡಿದ್ದರು. ಹಳೆಯ ಸುತ್ತಿಗೆಯ ಉದ್ದನೆಯ ಜಾಲಿಮರದ ಹಿಡಿಯೊಂದು ಅವರ ಚೀಲದಲ್ಲಿರುತ್ತಿತ್ತು. ಅದರ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯುತ್ತಿದ್ದರು. ಸದ್ದು ಮರದಿಂದ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಗೆ ಹೋಗುತ್ತದೆ. "ಕಿವಿ ಸುಳ್ಳು ಹೇಳ್ತದೆ ಸಾರ್, ಹಲ್ಲು ಹೇಳಲ್ಲ" ಎನ್ನುತ್ತಿದ್ದರು. ಶ್ರೀರಂಗಪಟ್ಟಣದ ಸುತ್ತ ಎಷ್ಟೋ ಟ್ರಾಕ್ಟರುಗಳ ರೋಗವನ್ನು ಅವರು ಹೀಗೆಯೇ ಹಿಡಿದಿದ್ದರು.

ಮೂವರೂ ಬೋಟು ಹತ್ತಿ ಹೊರಟೆವು. ಹತ್ತು ನಿಮಿಷಕ್ಕೆ ಹೊರಗೆ ಬೀಳುತ್ತಿದ್ದ ನೀರು ಸಣ್ಣದಾಗಿ, ಇಂಜಿನ್ನಿನಿಂದ ಹಬೆ ಎದ್ದಿತು. ಕೆಳಗಡೆ ಎಲ್ಲೋ ಬೀಸುವ ಕಲ್ಲಿನಂಥ ಗರಗರ ಸದ್ದು. ಜವರಣ್ಣ ಗೋಣಿಚೀಲವನ್ನು ನೀರಿಗೆ ಅದ್ದಿ ಇಂಜಿನ್ನಿನ ಮೇಲೆ ಎಳೆದ. ಸಾಬರು ಅದನ್ನು ಕಿತ್ತು ಬದಿಗೆಸೆದು, ಪೈಪಿನ ಬಾಯಿಗೆ ಸುತ್ತಿಕೊಂಡಿದ್ದ ಜೊಂಡು ಬಿಡಿಸಿ ಮತ್ತೆ ಓಡಿಸಿ ನೋಡಿದರು. ಮತ್ತೆ ಕಾಯಿತು. ಮತ್ತೆ ಗೋಣಿಚೀಲ. ಕಾಲ ಬುಡದಲ್ಲಿ ನೀರು ನಿಂತಿತ್ತು. ಏನಿದು ಎಂದು ಕೇಳಿದೆ. "ಗೋಣಿ ನೀರು ಕಣಪ್ಪ, ದಿನಾ ಇದ್ದದ್ದೇ" ಎಂದು ಜವರಣ್ಣ ಡಬ್ಬದಲ್ಲಿ ಮೊಗೆದು ಚೆಲ್ಲಿದ. ನನಗೂ ಅದು ಸರಿಯೆಂದೇ ತೋರಿತು.

ನನ್ನ ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಸಂಜೆಯೊಳಗೆ ಪಟ್ಟಣಕ್ಕೆ ಹೋಗಿ ಸುದ್ದಿ ಕಳಿಸುವ ಅವಸರದಲ್ಲಿದ್ದೆ. "ಸಾಕು ಸಾಬ್ರೆ, ನಾಳೆ ಅರ್ಧ ಗಂಟೆ ದಾರಿ ತಾನೆ, ನಡೆದೀತು" ಎಂದುಬಿಟ್ಟೆ. ಸಾಬರೂ ಸೋತ ಮುಖದಿಂದ ತಲೆಯಾಡಿಸಿದರು. ಕಾವು ಇಳಿಯಲೆಂದು ನಡುನೀರಿನಲ್ಲೇ ಇಂಜಿನ್ ನಿಲ್ಲಿಸಲು ಹೇಳಿ, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡರು. ಆದರೆ ಬಿಸಿ ಕಬ್ಬಿಣ ಆರುವಾಗಿನ ಸದ್ದು ಕೇಳದೆ ಅವರು ಯಾವ ಇಂಜಿನ್ನನ್ನೂ ಬಿಟ್ಟು ಏಳುತ್ತಿರಲಿಲ್ಲ. ಕೊನೆಯದಾಗಿ ಹಿಡಿಯನ್ನು ಕಚ್ಚಿ ಬಗ್ಗಿದರು.

ಬಗ್ಗಿದವರು ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಡಿಯನ್ನು ಬಾಯಿಂದ ತೆಗೆದು ಮೆಲ್ಲಗೆ ಹೇಳಿದರು: "ಯಾರೋ ತಟ್ತಾವ್ರೆ ಸಾರ್. ಕೆಳಗಿಂದ."

ನಾನು ನಕ್ಕೆ. ಅವರು ನಗಲಿಲ್ಲ. ಹಿಡಿಯ ತುದಿಯನ್ನು ಲುಂಗಿಗೆ ಒರೆಸಿ ನನ್ನ ಕೈಗೆ ಕೊಟ್ಟರು. ಕಚ್ಚಿ ಹಿಡಿದೆ. ಟಕ್, ಟಕ್, ಟಕ್. ಒಂದು ಬಿಡುವು. ಮತ್ತೆ ಟಕ್, ಟಕ್, ಟಕ್. ಬಾಗಿಲ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದಷ್ಟು ಸ್ಪಷ್ಟ. ಹಿಡಿ ಬಾಯಿಂದ ತೆಗೆದರೆ ಅಲೆಯ ಸದ್ದು ಬಿಟ್ಟು ಏನೂ ಇಲ್ಲ.

ಇಂಥ ಸಮಯಕ್ಕೆ ನನಗೆ ಬರುವ ಕೆಲಸ ಒಂದೇ. ಗಡಿಯಾರ ನೋಡಿ ನೋಟ್‌ಬುಕ್ ತೆಗೆದೆ. ಜವರಣ್ಣನಿಗೆ ಅಲುಗಾಡದೆ ಕೂರಲು ಹೇಳಿದೆ. ಹುಟ್ಟು, ಡಬ್ಬ, ಹಗ್ಗ ಎಲ್ಲವನ್ನೂ ಎತ್ತಿ ಒಂದು ಕಡೆ ಇಡಿಸಿದೆ. ತಟ್ಟುವುದು ನಿಲ್ಲಲಿಲ್ಲ. ಇಂಜಿನ್ನಿನ ಮೇಲೆ ಅದು ಕ್ಷೀಣ, ಕಾಲಡಿ ಹಾಸಿದ್ದ ಹಲಗೆಯ ಮೇಲೆ ಇನ್ನಷ್ಟು ಜೋರು. ಹಿಂಬದಿಗೆ ಸರಿದಂತೆ ಜಾಸ್ತಿಯಾಗುತ್ತಾ, ಶಾಫ್ಟು ಹೊರಗೆ ಹೋಗುವ ತೂತಿನ ಬಳಿಯ ಹಲಗೆಯ ಮೇಲೆ ಹಲ್ಲು ಅದುರುವಷ್ಟು ಜೋರಾಯಿತು. ಆಗ ಏಕೆ ಹಾಗೆ ಮಾಡಿದೆನೋ, ಅದೇ ಹಲಗೆಯನ್ನು ನಾನು ಎರಡು ಸಲ ತಟ್ಟಿದೆ.

ಸದ್ದು ನಿಂತಿತು. ಆಮೇಲೆ, ಟಕ್, ಟಕ್. ಎರಡೇ.

ಆ ಪುಟದಲ್ಲಿ ನನ್ನ ಅಕ್ಷರ ಸೊಟ್ಟಗಿದೆ.

ಸಾಬರು ಆ ಹಲಗೆಯನ್ನು ಎತ್ತಿದರು. ಕೆಳಗೆ ತೂತಿನ ಸುತ್ತ ಬಳಿದಿದ್ದ ಟಾರು ಮರವನ್ನು ಮುಚ್ಚಿತ್ತು. ಅದರ ಅಂಚಿನಿಂದ ಹೆಬ್ಬೆರಳು ಗಾತ್ರದ ನೀರು ಸದ್ದಿಲ್ಲದೆ ಒಳಗೆ ಬರುತ್ತಿತ್ತು. ಪಕ್ಕದ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಇಳಿಯಿತು. ಜವರಣ್ಣ ನೋಡಿ, "ಅಯ್ಯೋ ನನ್ನ ಮನೆ ಕಾಯ್ವಾಗ" ಎಂದು ತನ್ನನ್ನೇ ಬೈದುಕೊಂಡು ಕೂತುಬಿಟ್ಟ. ಅವನು ಹೊದಿಸುತ್ತಿದ್ದ ಅದೇ ಗೋಣಿಚೀಲವನ್ನು ಆ ಜಾಗಕ್ಕೆ ತುರುಕಿ, ನಾನೂ ಜವರಣ್ಣನೂ ಹುಟ್ಟು ಹಾಕುತ್ತಾ ದಡಕ್ಕೆ ಬಂದೆವು. ದಾರಿಯುದ್ದಕ್ಕೂ ಸಾಬರು ಹಿಡಿಯನ್ನು ಕಚ್ಚಿಕೊಂಡೇ ಇದ್ದರು. ಬೋಟಿನ ತಳ ಮರಳು ಮುಟ್ಟಿದಾಗ ಅದನ್ನು ಬಾಯಿಂದ ತೆಗೆದು, "ತಟ್ಟೋದು ನಿಂತೋಯ್ತು" ಎಂದರು.

ದಡದಲ್ಲಿ ಊರಿನವರನ್ನು ಕರೆದು ಇಂಜಿನ್ನು ಇಳಿಸಿ, ಬೋಟನ್ನು ಮಗುಚಿ ಹಾಕಿ ನೋಡಿದಾಗ ಒಂದೊಂದೇ ಕಾರಣ ಸಿಕ್ಕಿತು. ಇಂಜಿನ್ನು ಕೂತಿದ್ದ ದಿಮ್ಮಿ ಕೊಳೆತು ಒಂದು ಕಡೆ ಕುಸಿದಿತ್ತು. ಅದರಿಂದ ಶಾಫ್ಟು ಓರೆಯಾಗಿ ಮರವನ್ನು ಉಜ್ಜುತ್ತಿತ್ತು, ಅದೇ ಗರಗರ ಸದ್ದು. ತಂಪುನೀರಿನ ಪೈಪು ಜಗ್ಗಿ ಅದರ ಕೀಲು ಬಿಟ್ಟುಕೊಂಡು ಗಾಳಿ ಎಳೆಯುತ್ತಿತ್ತು, ಅದೇ ಕಾವು. ಒಳಗೆ ಬರುತ್ತಿದ್ದ ನೀರನ್ನೆಲ್ಲ ಗೋಣಿಯ ನೀರೆಂದುಕೊಂಡು ಜವರಣ್ಣ ವಾರಗಟ್ಟಲೆ ಮೊಗೆದು ಚೆಲ್ಲಿದ್ದ. ನಲವತ್ತು ಜನರ ಭಾರ ಬಿದ್ದಿದ್ದರೆ ಹಿನ್ನೀರಿನ ನಡುಮಧ್ಯೆ ಆ ಮರ ಬಾಯಿ ಬಿಡುತ್ತಿತ್ತು. ಅವರಲ್ಲಿ ಈಜು ಬರುತ್ತಿದ್ದವರು ಐದಾರು ಮಂದಿ.

ತಟ್ಟಿದ್ದಕ್ಕೆ ಮಾತ್ರ ಕಾರಣ ಸಿಗಲಿಲ್ಲ. ಸಡಿಲವಾದ ಮೊಳೆ, ಸಿಕ್ಕಿಕೊಂಡ ಕೊಂಬೆ, ಮೀನಿನ ಬಲೆ ಯಾವುದೂ ಇರಲಿಲ್ಲ. ಕಟ್ಟೆ ಕಟ್ಟಿದಾಗ ಮುಳುಗಿದ ಊರು ಅಲ್ಲೇ ಕೆಳಗಿದೆ ಎಂದ ಜವರಣ್ಣ. ನಾನು ಅದನ್ನು ಬರೆದುಕೊಂಡು ಎದುರಿಗೆ ಅವನ ಹೆಸರು ಹಾಕಿದೆ, ಒಪ್ಪಲಿಲ್ಲ. ಪರಿಚಯದ ಇಂಜಿನಿಯರ್ ಒಬ್ಬರು, ಆರುವ ಕಬ್ಬಿಣ ಹಾಗೆ ಸದ್ದು ಮಾಡುತ್ತದೆ ಎಂದರು. ಎರಡು ತಟ್ಟಿದರೆ ಎರಡೇ ಬಂದದ್ದೇಕೆ ಎಂದು ಕೇಳಿದೆ. ಕಾಫಿ ತರಿಸಿದರು. ಸಾಬರನ್ನು ಕೇಳಿದಾಗ, "ತಟ್ಟಿದೋರು ಒಳ್ಳೇರು. ಅಷ್ಟು ಸಾಕು ನಮ್ಗೆ" ಎಂದು ಮುಗಿಸಿದರು.

ಮರುದಿನ ಲಾರಿಯೊಂದರಲ್ಲಿ ಧೂಳು ತಿನ್ನುತ್ತಾ ರಸ್ತೆ ಸುತ್ತಿ ಹೋದೆವು. ತಲುಪುವಷ್ಟರಲ್ಲಿ ಮೂರು ಗಂಟೆ. "ಏನ್ ಬೀಗ್ರೆ, ಮುದ್ದೆ ಕಲ್ಲಾದ್ಮೇಲೆ ಬಂದ್ರಲ್ಲಾ" ಎಂದು ಗಂಡಿನ ಕಡೆಯವರು ಛೇಡಿಸಿದರು. ಅವ್ವ, "ಕಲ್ಲಾದ್ರೂ ಬಡಿಸ್ರಪ್ಪ, ಅರಗಿಸ್ಕೊಂಡೇವು" ಎಂದಳು. ಬೋಟಿನ ವಿಷಯ ಅವಳಿಗೆ ಹೇಳಿರಲಿಲ್ಲ. ನಾನು ಪಂಕ್ತಿಯ ತುದಿಯಲ್ಲಿ ನಿಂತು ನಮ್ಮವರ ತಲೆಗಳನ್ನು ಎರಡೆರಡು ಸಲ ಎಣಿಸಿದೆ. ಪದ್ಮ ಬಡಿಸುತ್ತಾ ಬಂದು, "ಯಾಕಣ್ಣ ಇಂಗ್ ನೋಡ್ತಾ ನಿಂತಿದ್ದೀಯ, ಕೂತ್ಕೊ" ಎಂದಳು. ಕೂತೆ. ಅಷ್ಟು ರುಚಿಯ ಊಟ ನಾನು ಮತ್ತೆಲ್ಲೂ ಉಂಡಿಲ್ಲ.

ಅದನ್ನು ಸುದ್ದಿ ಮಾಡಲಿಲ್ಲ. ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಆ ಪುಟದಲ್ಲಿ ಸಾಬರ ಮಾತಿದೆ, ಜವರಣ್ಣನ ಮಾತಿದೆ, ಎಡಬದಿಯಲ್ಲಿ ಅವರವರ ಹೆಸರಿದೆ. 'ಕೆಳಗಿನಿಂದ ಮೂರು ಸಲ. ನಾನು ಎರಡು ತಟ್ಟಿದ ಮೇಲೆ ಎರಡು ಸಲ' ಎಂಬ ಸಾಲಿನ ಎದುರಿಗೆ ಏನೂ ಇಲ್ಲ. ಅಲ್ಲೊಂದು ಹೆಸರು ಬರೆದು, ಅದರ ಮುಂದೆ 'ನಿಮ್ಮಿಂದ ಉಪಕಾರವಾಯಿತು' ಎಂದು ಸೇರಿಸುವ ಆಸೆ ಇಷ್ಟು ವರ್ಷವಾದರೂ ಹೋಗಿಲ್ಲ. ಹೆಸರು ಮಾತ್ರ ಇನ್ನೂ ಗೊತ್ತಾಗಿಲ್ಲ.