‘ಇದು ಏನು ಮಾಡಲ್ಲ’ ಎಂದು ಬರೆಯುವ ಉಗ್ರಾಣದಕ್ಕ

ಬೆಳಗಿನ ಆರು ಗಂಟೆ. ಸಾಫ್ಟ್‌ವೇರ್ ಕಂಪನಿಯ ಮೂರನೇ ಮಹಡಿಯಲ್ಲಿ ನೆಲ ಒರೆಸುವವರನ್ನು ಬಿಟ್ಟರೆ ಇರುವುದು ಇವರೊಬ್ಬರೇ. ಕನ್ನಡಕ ಹಣೆಗೇರಿಸಿ, ಮೂಗು ಕಂಪ್ಯೂಟರಿಗೆ ತಾಗುವಷ್ಟು ಬಗ್ಗಿ ಓದುತ್ತಿದ್ದಾರೆ. ಎಂಟಕ್ಕೆ ಆಸ್ಪತ್ರೆಯೊಂದರ ಹಸುಗೂಸುಗಳ ವಾರ್ಡಿನಲ್ಲಿ ಹೊಸ ಸಾಫ್ಟ್‌ವೇರ್ ಶುರುವಾಗಲಿದೆ. ಅದರಲ್ಲಿ ಔಷಧಿಯ ಪ್ರಮಾಣ ಲೆಕ್ಕ ಹಾಕುವ ಕೋಡಿನ ತುಣುಕು ಹನ್ನೊಂದು ವರ್ಷದ ಹಿಂದೆ ಇವರೇ ಬರೆದದ್ದು, ಅದೂ ದೊಡ್ಡವರಿಗಾಗಿ.

‘‘ತೂಕಾನ ಪೂರ್ತಿ ಕಿಲೋಗೆ ತಿರುಗಿಸುತ್ತೆ ಅದು. ಒಂದೂವರೆ ಕಿಲೋ ಕೂಸು ಎರಡು ಕಿಲೋ ಆಗ್ಬಿಡುತ್ತೆ. ಔಷಧಿ ಜಾಸ್ತಿ ಹೋಗುತ್ತೆ’’ ಎನ್ನುವಾಗ ಇವರ ದನಿ ಇಳಿಯುತ್ತದೆ.

ಕಚೇರಿಯಲ್ಲಿ ಇವರಿಗೆ ಉಗ್ರಾಣದಕ್ಕ ಎಂದೇ ಹೆಸರು. ಒಮ್ಮೆ ಬರೆದು ಹತ್ತು ಕಡೆ ಬಳಸಬಹುದಾದ ಇಂಥ ಇನ್ನೂರ ಹದಿನೇಳು ತುಣುಕುಗಳು, ಅಂದರೆ ಕಾಂಪೊನೆಂಟ್‌ಗಳು, ಇವರ ಸುಪರ್ದಿಯಲ್ಲಿವೆ, ಪ್ರತಿಯೊಂದಕ್ಕೂ ಒಂದು ಪುಟ ವಿವರಣೆ. ಉಳಿದವರು ‘ಇದು ಏನು ಮಾಡುತ್ತದೆ’ ಎಂದು ಶುರು ಮಾಡಿದರೆ ಇವರ ಮೊದಲ ಸಾಲು ‘ಇದು ಏನು ಮಾಡಲ್ಲ’. ಕಾಂಪೊನೆಂಟ್ ಬೇಕಾದವರು ಆ ಸಾಲನ್ನು ಇವರೆದುರು ಗಟ್ಟಿಯಾಗಿ ಓದಲೇಬೇಕು.

‘‘ಮೇಷ್ಟ್ರ ಥರ ನಿಲ್ಲಿಸ್ತಾಳೆ ಅಂತ ಬೈಕೋತಾರೆ. ಬೈಲಿ ಬಿಡಿ, ಓದ್ತಾರಲ್ಲ.’’

ಹಟ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಇವರದೇ ತುಣುಕೊಂದನ್ನು ಯಾರೋ ಓದದೆ ಬಳಸಿ, ರಕ್ತಪರೀಕ್ಷೆ ವರದಿಗಳಲ್ಲಿ ದಿನಾಂಕ, ತಿಂಗಳು ಅದಲುಬದಲಾಗಿದ್ದವು. ಸರಿಪಡಿಸಲು ಆರು ವಾರ ಹಿಡಿಯಿತು, ಬೈಗುಳವೆಲ್ಲ ಇವರ ತಲೆಗೇ ಬಂತು. ಹೊಸದು ಕಟ್ಟಿದವರಿಗೆ ಸಿಗುವ ಬಡ್ತಿ, ಇದ್ದದ್ದನ್ನು ಜೋಪಾನ ಮಾಡುವವರಿಗೆ ಸಿಗುವುದು ಅಷ್ಟಕ್ಕಷ್ಟೇ. ಗಡಿಯಾರ ರಿಪೇರಿ ಮಾಡುವ ಗಂಡನಿಗಂತೂ ಇದೆಲ್ಲ ತಮಾಷೆ: ‘‘ಮನೇಲಿ ಉಪ್ಪಿನ ಡಬ್ಬಿ ಮೇಲೂ ‘ಇದು ಸಕ್ಕರೆ ಅಲ್ಲ’ ಅಂತ ಬರ್ದಿದಾಳೆ ಸ್ವಾಮಿ.’’

ಹಸುಗೂಸುಗಳ ವಾರ್ಡಿನ ತಂಡ ಬೇರೆ ಊರಿನ ಶಾಖೆಯದು. ಇವರೆದುರು ಓದದೆಯೇ ತುಣುಕನ್ನು ಒಯ್ದದ್ದು ನಿನ್ನೆ ಸಂಜೆಯಷ್ಟೇ ಗೊತ್ತಾಗಿದೆ. ಫೋನ್ ಯಾರೂ ಎತ್ತಿಲ್ಲ. ಅದಕ್ಕೇ ಅವರ ಕೋಡನ್ನು ಸಾಲು ಸಾಲಾಗಿ ಓದುತ್ತಿದ್ದಾರೆ.

ಆರೂ ಮುಕ್ಕಾಲಿಗೆ ಕೈ ನಿಲ್ಲುತ್ತದೆ. ತಂಡದವರು ಇವರ ಮೂಲ ತುಣುಕನ್ನು ಮುಟ್ಟಿಲ್ಲ. ಅದರಿಂದಲೇ ಒಂದು ಮರಿ ತುಣುಕು ಮಾಡಿಕೊಂಡು, ತೂಕದ ಭಾಗವನ್ನಷ್ಟೇ ಗ್ರಾಂಗೆ ಬದಲಿಸಿದ್ದಾರೆ. ಮೇಲೆ ತಾವೇ ಬರೆದ ಒಂದು ಸಾಲು: ‘ಇದು ಏನು ಮಾಡಲ್ಲ: ದೊಡ್ಡವರ ಲೆಕ್ಕ’.

ಉಗ್ರಾಣದಕ್ಕ ಕುರ್ಚಿಗೆ ಒರಗುತ್ತಾರೆ. ಹೋದ ಜೀವ ಬಂದಂತಾಗಿದೆ. ಕಣ್ಣೊರೆಸಿಕೊಳ್ಳಲು ನಾಚಿಕೆಯಿಲ್ಲ.

‘‘ಮುಂದಿನ ವಾರದಿಂದ ಹತ್ತು ದಿನ ರಜೆ ಹಾಕ್ತೀನಿ’’ ಎನ್ನುತ್ತಾರೆ. ‘‘ನಾನು ಎದುರಿಗೆ ಇಲ್ದಿದ್ರೂ ಓದ್ತಾರೆ.’’