ಒಂದನೇ ನಂಬರಿನ ಕರೆ

…ಆದರೆ ಆ ಮಾತುಗಳನ್ನು ನಾನು ನನ್ನ ಕಿವಿಯಿಂದಲೇ ಕೇಳಿದೆನೋ, ಆ ಹೆಂಗಸು ಆಮೇಲೆ ಫೋನಿನಲ್ಲಿ ಹೇಳಿದ್ದನ್ನೇ ಕೇಳಿದ ಹಾಗೆ ಕಲ್ಪಿಸಿಕೊಂಡೆನೋ, ಈಗ ಖಚಿತವಾಗಿ ಹೇಳಲಾರೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವಾಗ ಊರು ಹೆಸರು ಬಿಟ್ಟು ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತಿದೆ. ಮೊದಲು ಹೇಳಿದಾಗ ಅದರಲ್ಲಿ ತೆಂಗಿನ ಗರಿಗಳ ಸದ್ದು ಇರಲಿಲ್ಲ. ಈಗ ಇದೆ. ಯಾರು ಸೇರಿಸಿದರು? ನಾನೇ ಇರಬೇಕು. ಹಾಗಾದರೆ ಇನ್ನೇನೇನು ಸೇರಿಸಿದ್ದೇನೆ?

ಅನುಮಾನವಿಲ್ಲದ ಸಂಗತಿಗಳನ್ನು ಮೊದಲು ಬರೆದುಬಿಡುತ್ತೇನೆ. ಬೋರ್‌ವೆಲ್ ಮೋಟರುಗಳಿಗೆ ಮೊಬೈಲ್ ಸ್ಟಾರ್ಟರ್ ಮಾರುವ ಒಂದು ಸಣ್ಣ ಕಂಪನಿಯ ಕಸ್ಟಮರ್ ಕೇರ್‌ನಲ್ಲಿ ನನ್ನ ಕೆಲಸ. ಪಂಪ್‌ಹೌಸಿನ ಗೋಡೆಯ ಮೇಲೆ ಕೂರುವ ಆ ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ. ಮನೆಯಿಂದಲೋ ಮದುವೆ ಛತ್ರದಿಂದಲೋ ಅದಕ್ಕೆ ಫೋನ್ ಮಾಡಿದರೆ, ತ್ರೀಫೇಸ್ ಕರೆಂಟ್ ಇದ್ದ ಪಕ್ಷದಲ್ಲಿ, ತೋಟದಲ್ಲಿ ಮೋಟರ್ ಓಡುತ್ತದೆ. ನಾವು ಸೇರಿಸಿಟ್ಟ ನಂಬರುಗಳಿಗೆ ಮಾತ್ರ ಅದು ಓಗೊಡುತ್ತದೆ. ಒಂದನೆಯದು ಮಾಲೀಕರ ನಂಬರು, ಎರಡನೆಯದು ಸಾಮಾನ್ಯವಾಗಿ ಹೆಂಡತಿಯದೋ ಮಗನದೋ. ಇನ್ನೊಂದು ಸೌಲಭ್ಯವಿದೆ, ಅದನ್ನು ಬಳಸುವವರು ಕಡಿಮೆ. ಕರೆ ಹೋದ ಮೇಲೆ ಮೂರನ್ನು ಒತ್ತಿದರೆ ಪಂಪ್‌ಹೌಸಿನ ಸುತ್ತಲಿನ ಸದ್ದು ಕೇಳಿಸುತ್ತದೆ. ತೊಟ್ಟಿಗೆ ನೀರು ಬೀಳುತ್ತಿದೆಯೋ, ನೀರಿಲ್ಲದೆ ಮೋಟರ್ ಒಣ ಓಡುತ್ತಿದೆಯೋ ತಿಳಿಯಲಿ ಎಂದು ಮಾಡಿದ್ದು.

ಕಂಪನಿ ಬೆಂಗಳೂರಿನ ಆಫೀಸು ಮುಚ್ಚಿ, ಇನ್ನು ಮನೆಯಿಂದಲೇ ಕೆಲಸ ಮಾಡಿ ಎಂದಾಗ ನನಗೆ ಪೀಜಿಯ ಒಂದು ಮಂಚದ ಹೊರತು ಮನೆ ಎನ್ನುವಂಥದು ಇರಲಿಲ್ಲ. ಮಂಚವನ್ನೂ ಬಿಟ್ಟೆ. ಲ್ಯಾಪ್‌ಟಾಪು, ಹೆಡ್‌ಸೆಟ್ಟು, ಎರಡು ಬ್ಯಾಗು. ಸಿಗ್ನಲ್ ಸಿಕ್ಕಲ್ಲಿ ರೂಮು. ಕೆಲವು ತಿಂಗಳು ದಬ್ಬೇಘಟ್ಟದಲ್ಲಿ ಒಬ್ಬರ ಮನೆಯ ಮಹಡಿ, ಕೆಲವು ತಿಂಗಳು ತಿಪಟೂರಿನಲ್ಲಿ ಕೊಬ್ಬರಿ ಗೋಡೌನಿನ ಮೇಲಿನ ಕೋಣೆ, ಆಮೇಲೆ ಚಿಕ್ಕನಾಯಕನಹಳ್ಳಿ. ನಮ್ಮ ಕರೆಗಳಲ್ಲಿ ಅರ್ಧಕ್ಕರ್ಧ ಈ ಸೀಮೆಯವೇ. ಆದರೂ ಎಲ್ಲಿಂದ ಮಾತಾಡ್ತೀರಿ ಎಂದು ಕೇಳಿದರೆ ಬೆಂಗಳೂರು ಹೆಡ್ ಆಫೀಸಿನಿಂದ ಎನ್ನಬೇಕೆಂದು ನಿಯಮ. ದಿನಕ್ಕೆ ಎಷ್ಟೋ ಸಲ ಹಾಗೆ ಹೇಳಿ ಹೇಳಿ, ಸಂಜೆ ಹೆಡ್‌ಸೆಟ್ಟು ತೆಗೆದಾಗ ಯಾವ ಊರಿನ ಕಿಟಕಿ ಇದು ಎಂದು ಒಂದು ಗಳಿಗೆ ತಿಳಿಯುತ್ತಿರಲಿಲ್ಲ.

ಆ ಕರೆ ಬಂದಾಗ ತಿಪಟೂರಿನಲ್ಲಿದ್ದೆ. ಕೆಂಕೆರೆ ಕಡೆಯ ತೋಟದವರು, ಗಂಡಸಿನ ದನಿ.

"ಮೇಡಂ, ನಿಮ್ ಪೆಟ್ಗೆಗೆ ದೆವ್ವ ಗಿವ್ವ ಹೊಕ್ಕೈತಾ ಹೆಂಗೆ?"

"ಏನಾಯ್ತು ಸಾರ್, ಹೇಳಿ."

"ಯಾರೂ ಫೋನ್ ಮಾಡ್ದೆ ಮೋಟ್ರು ಆನ್ ಆಯ್ತದೆ ಕಣ್ರೀ. ಮೆಕ್ಯಾನಿಕ್ಕು ಇನ್ನೇನು ಕೈ ಇಕ್ಬೇಕು, ಗುಂಯ್ ಅಂತು. ಪುಣ್ಯಾತ್ಮ ಉಳ್ಕಂಡ. ಇನ್ ಮುಟ್ಟಲ್ಲ ಅಂತವ್ನೆ. ಮೊದ್ಲೇ ಬೋರ್ನಾಗೆ ನೀರು ಕೆಳೀಕೆ ಹೋಗೈತೆ, ಒಣ ಓಡಿ ಸುಟ್ಟೋದ್ರೆ ನೀವ್ ಕೊಡ್ಸ್ತೀರಾ?" ಎಂದವರೇ, "ಇರಿ, ಅದೇನದು ಸದ್ದು? ಬೆಂಗ್ಳೂರ್ ಆಫೀಸ್ನಾಗೂ ಕಾಯಿ ಸುಲೀತೀರೇನಮ್ಮ?"

ಕೆಳಗೆ ಗೋಡೌನಿನಲ್ಲಿ ಸುಲಿಯುವವರು ಕೂತಿದ್ದರು. "ಪಕ್ಕದಲ್ಲಿ ಏನೋ ಕೆಲಸ ನಡೀತಿದೆ ಸಾರ್" ಎಂದೆ.

"ನಡೀಲಿ ಬುಡಿ. ಸುಲಿಯೋನ್ ಕೈ ಚುರುಕಾಗೈತೆ" ಎಂದು ನಕ್ಕರು.

ಅಷ್ಟರಲ್ಲಿ ನನ್ನ ಪರದೆಯ ಮೇಲೆ ಅವರ ಪೆಟ್ಟಿಗೆಯ ವಿವರ ತೆರೆದಿತ್ತು. "ಸಾರ್, ತಾನಾಗಿ ಆನ್ ಆಗ್ತಿಲ್ಲ ಇದು. ಒಂದನೇ ನಂಬರಿಂದ ಕಾಲ್ ಬರ್ತಿದೆ. ಮಾಲೀಕರ ನಂಬರು."

ನಗು ನಿಂತಿತು. "ಕೊನೇಗೆ ಏನೈತೆ ಹೇಳಿ."

ಕೊನೆಯ ಅಂಕಿಗಳನ್ನು ಹೇಳಿದೆ.

"ಅದು ನಮ್ಮಣ್ಣನ್ದು ಕಣಮ್ಮ. ಮನೆ ಬುಟ್ಟು ಹೋಗಿ ವರ್ಷಗಳೇ ಆದ್ವು. ಜಗಳ ಇಲ್ಲ, ಸಾಲ ಇಲ್ಲ, ತಿಪ್ಟೂರ್ಗೆ ಹೋಗ್ಬತ್ತೀನಿ ಅಂತ ಹೋದೋನು. ಸತ್ತವ್ನೋ ಬದ್ಕವ್ನೋ ಒಬ್ರಿಗೂ ತಿಳೀದು. ಆ ನಂಬ್ರಕ್ಕೆ ಯಾವಾಗ ಮಾಡಿದ್ರೂ ಸ್ವಿಚಾಫು." ಆಮೇಲೆ ಬೇರೆಯದೇ ದನಿಯಲ್ಲಿ, "ತೆಗ್ದಾಕ್ಬುಡಿ ಅದ್ನ" ಎಂದರು.

ಒಂದನೇ ನಂಬರನ್ನು ತೆಗೆಯಬೇಕಾದರೆ ಎರಡನೇ ನಂಬರಿನವರು ಒಪ್ಪಬೇಕು. ಎರಡನೆಯದು ಅವರ ಅತ್ತಿಗೆಯದು, ಹೋದವನ ಹೆಂಡತಿಯದು.

ನಮ್ಮ ಟೀಮ್ ಲೀಡರ್‌ಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ತ್ರೀಫೇಸ್ ಬರುವಾಗ ಕರೆಂಟು ಏರುಪೇರಾದರೆ ಹಳೆಯ ಬೋರ್ಡುಗಳು ಒಮ್ಮೊಮ್ಮೆ ತಾವೇ ಮೋಟರ್ ಎಬ್ಬಿಸುತ್ತವೆ, ಯಾರು ಎಬ್ಬಿಸಿದರು ಎಂಬ ಜಾಗದಲ್ಲಿ ಮೊದಲನೇ ನಂಬರನ್ನು ತುಂಬಿಬಿಡುತ್ತವೆ ಎಂದರು. ಒಮ್ಮೊಮ್ಮೆ ಎಂದರೆ? ಈ ಪೆಟ್ಟಿಗೆಯಲ್ಲೂ ಹಾಗೇ ಆಗಿದೆಯೇ? "ಆಗಿರಬಹುದು. ಒಪ್ಪಿಗೆ ತಗೊಂಡು ಕಂಪ್ಲೇಂಟ್ ಕ್ಲೋಸ್ ಮಾಡಿ."

ಆ ಹೆಂಗಸಿಗೆ ನಾನೇ ಫೋನ್ ಮಾಡಿದೆ. ಮೈದುನ ಆಗಲೇ ಎಲ್ಲ ಹೇಳಿದ್ದ. ಅಳು ಬರಬಹುದೆಂದು ಕಾಯುತ್ತಿದ್ದೆ, ಬಂದದ್ದು ಪ್ರಶ್ನೆ.

"ಅದ್ರಾಗೆ ತೋಟದ್ ಸದ್ದು ಕೇಳುಸ್ತದಂತಲ್ಲ, ನಿಜಾನಾ?"

"ಹೌದಮ್ಮ. ಮೂರು ಒತ್ತಿದ್ರೆ ಕೇಳಿಸುತ್ತೆ."

"ನಾನಲ್ಲಿ ನಿಂತು ಮಾತಾಡುದ್ರೆ ನಮ್ಮನೆಯವ್ರಿಗೆ ಕೇಳುಸ್ತದಾ?"

ನಾನು ಎಚ್ಚರದಿಂದ ಉತ್ತರಿಸಿದೆ. ಆ ಹೊತ್ತಿನಲ್ಲಿ ಆ ಕಡೆ ಯಾರಾದರೂ ಇದ್ದರೆ, ಮೂರು ಒತ್ತಿದ್ದರೆ, ಕೇಳಿಸಬಹುದು. ಕರೆಂಟಿನ ಏರುಪೇರಿನ ಮಾತನ್ನೂ ಹೇಳಿದೆ.

"ಕರೆಂಟಿಗೆ ನಮ್ಮನೆಯವ್ರ ನಂಬ್ರ ಹೆಂಗ್ ಗೊತ್ತು?" ಎಂದರು. "ಸ್ವಲ್ಪ ದಿವ್ಸ ತಡೀರಿ. ನಾನೇ ಹೇಳ್ತೀನಿ."

ಆ ವಾರವೇ ನಾನು ಚಿಕ್ಕನಾಯಕನಹಳ್ಳಿಗೆ ರೂಮು ಬದಲಿಸಿದೆ. ಮೈದುನ ದಿನವೂ ಫೋನ್ ಮಾಡಿ ರೇಗುತ್ತಿದ್ದ. ಮೆಕ್ಯಾನಿಕ್ ಬರುತ್ತಿಲ್ಲ, ಮೂಡಲ ಸಾಲಿನ ಪೈಪು ಒಡೆದಿದೆ, ಎಳೆಗಾಯಿ ಉದುರುತ್ತಿವೆ, ಒಂದು ನಂಬರು ತೆಗೆಯೋದಕ್ಕೆ ಎಷ್ಟು ದಿನ. ನಾನು ಬೆಂಗಳೂರಿನ ದನಿಯಲ್ಲಿ ಕ್ಷಮೆ ಕೇಳುತ್ತಿದ್ದೆ.

ಈಗ ಆ ದಿನ. ಬೆಳಗಿನ ಹೊತ್ತು. ಒಂದನೇ ನಂಬರಿನಿಂದ ಮೋಟರ್ ಶುರುವಾಗಿದೆ ಎಂದು ಪರದೆ ತೋರಿಸಿತು. ದೂರು ಇರುವ ಪೆಟ್ಟಿಗೆಗೆ ಪರೀಕ್ಷೆಗಾಗಿ ನಾವು ಫೋನ್ ಮಾಡಬಹುದು, ಕಂಪನಿಯ ನಂಬರು ಎಲ್ಲ ಪೆಟ್ಟಿಗೆಗಳಲ್ಲೂ ಸೇರಿಸಿರುತ್ತದೆ. ಮಾಡಿದೆ. ಮೊದಲ ಸಲ ಲೈನು ಬಿಜಿ ಇತ್ತು. ಇತ್ತೇ? ಪೆಟ್ಟಿಗೆಯಲ್ಲಿರುವುದು ಒಂದೇ ಸಿಮ್, ಒಂದು ಸಲಕ್ಕೆ ಒಬ್ಬರಿಗಷ್ಟೇ ಜಾಗ. ಬಿಜಿ ಇದ್ದರೆ ಬೇರೆ ಯಾರೋ ಒಳಗಿದ್ದರು ಎಂದರ್ಥ. ಆ ಟೂಂ ಟೂಂ ಸದ್ದು ನನ್ನ ನೆನಪಿನಲ್ಲಿ ಎಷ್ಟು ಸ್ಪಷ್ಟವಾಗಿದೆಯೆಂದರೆ, ಅಷ್ಟು ಸ್ಪಷ್ಟವಾಗಿರುವುದಕ್ಕೇ ಅದನ್ನು ನಂಬಲು ಹೆದರಿಕೆ. ಚಿಕ್ಕನಾಯಕನಹಳ್ಳಿಯ ಆ ರೂಮಿನಲ್ಲಿ ಸಿಗ್ನಲ್ ಹೋದರೂ ಅಂಥದೇ ಸದ್ದು ಬರುತ್ತಿತ್ತು.

ಎರಡನೇ ಸಲ ಪೆಟ್ಟಿಗೆ ಎತ್ತಿಕೊಂಡಿತು. ಮೂರು ಒತ್ತಿದೆ. ಮೋಟರಿನ ಗುಂಯ್, ಗರಿಗಳ ಸದ್ದು, ಅವುಗಳ ನಡುವೆ ಹೆಂಗಸಿನ ದನಿ.

"…ಕೇಳುಸ್ತೈತೇನ್ರೀ? ನಾನೇ. ಮೂಡ್ಲ ಸಾಲಿಂದು ಪೈಪ್ ಒಡ್ದೋಗೈತೆ. ನೀವಲ್ಲಿ ಕುಂತ್ಕಂಡು ನೀರ್ ಬುಟ್ರೆ ಎಲ್ಲ ರಸ್ತೆಗೆ ಹೋಯ್ತದೆ, ಹೋಗೋರು ಬರೋರು ನಗ್ತಾರೆ. ನಿಮ್ ತಮ್ಮ ನನ್ ಮ್ಯಾಲೆ ಹಾರಾಡ್ತಾನೆ. ಬುಡೋದಾದ್ರೆ ಮಧ್ಯಾಹ್ನದ್ ಮ್ಯಾಲೆ ಬುಡಿ. ಬೆಳಿಗ್ಗೆ ನಾನು ಡೇರಿಗೆ ಹಾಲಾಕಕ್ಕೆ ಹೋಗಿರ್ತೀನಿ, ಇವತ್ತು ಓಡಿ ಬಂದೆ." ದನಿ ಇನ್ನೂ ಹತ್ತಿರ ಬಂತು. "ಹೊತ್ತೊತ್ಗೆ ಉಣ್ತೀರಾ?"

ಕಟ್ ಮಾಡಿದೆ. ನಾನು ಲೈನಿನೊಳಗಿದ್ದೆನೆಂದರೆ ಆ ಹೊತ್ತಿಗೆ ಆಕೆಯ ಗಂಡ ಒಳಗಿರಲು ಸಾಧ್ಯವಿರಲಿಲ್ಲ. ಆಕೆ ಕೇಳಿದ್ದು ನನ್ನನ್ನು. ಉಂಡಿರಲಿಲ್ಲ ಎಂಬುದು ನೆನಪಿದೆ, ಅದೊಂದು ನಿಜವೆನಿಸುತ್ತದೆ.

ಕೆಲವು ದಿನಗಳ ನಂತರ ಆ ಹೆಂಗಸಿನ ಫೋನು, ದನಿಯಲ್ಲಿ ಎಂದೂ ಇರದ ಗೆಲುವು. ಪೆಟ್ಟಿಗೆಯ ಮುಂದೆ ನಿಂತು ಹೇಳಿದ್ದನ್ನೆಲ್ಲ ನನಗೂ ಒಪ್ಪಿಸಿದರು. "ಹೇಳ್ದಂಗೇ ಮಧ್ಯಾಹ್ನ ಆನ್ ಆಯ್ತು ಕಣವ್ವ! ಎರಡ್ ದಿನದಿಂದ ಮಧ್ಯಾಹ್ನವೇ!" ಪರದೆಯಲ್ಲಿ ನೋಡಿದೆ. ಹೌದು, ಒಂದನೇ ನಂಬರು, ಮಧ್ಯಾಹ್ನ. ಆದರೆ ಆ ವಾರದಿಂದಲೇ ಆ ಕಡೆಯ ಲೈನಿಗೆ ತ್ರೀಫೇಸ್ ಕೊಡುವ ಹೊತ್ತು ಬೆಳಗಿನಿಂದ ಮಧ್ಯಾಹ್ನಕ್ಕೆ ಬದಲಾಗಿತ್ತು. ಅದು ಅವರಿಗೂ ಗೊತ್ತಿತ್ತು, ಗೊತ್ತಿಲ್ಲದೆ ತೋಟ ಮಾಡಲಾಗುವುದಿಲ್ಲ. ನಾನು ಅದನ್ನು ಎತ್ತಿದಾಗ, "ಅದೂ ಐತೆ" ಎಂದರು. ಆ ಎರಡು ಮಾತಿನ ಭಾರ ನನ್ನ ಕಿವಿಯಲ್ಲಿ ಇನ್ನೂ ಇದೆ.

ಒಂದು ರಜೆಯ ದಿನ ಬಸ್ಸಿನಲ್ಲಿ ಆ ಕಡೆ ಹೋದೆ. ಇದರ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಕಿಟಕಿಯಿಂದ ತೋಟಗಳನ್ನೂ ಪಂಪ್‌ಹೌಸುಗಳನ್ನೂ ನೋಡುತ್ತಾ, ಯಾವುದೆಂದು ತಿಳಿಯದೆ, ಹುಳಿಯಾರಿಗೆ ಹೋಗಿ ಕಾಫಿ ಕುಡಿದು ಹಿಂತಿರುಗುತ್ತೇನೆ. ಇನ್ನೊಂದರಲ್ಲಿ ಇಳಿಯುತ್ತೇನೆ. ತಗಡಿನ ಚಾವಣಿಯ ಪಂಪ್‌ಹೌಸು, ಬಾಗಿಲ ಬಳಿ ನಿಂತ ಹೆಂಗಸು, "ಯಾರು ಬೇಕಾಗಿತ್ತು?" ಎನ್ನುತ್ತಾರೆ. ಆದರೆ ಆ ಹೆಂಗಸಿನ ಮುಖ ದಬ್ಬೇಘಟ್ಟದ ನನ್ನ ಮನೆಯೊಡತಿಯದು. ಆದ್ದರಿಂದ ಎರಡನೆಯದನ್ನು ನಾನು ಕಟ್ಟಿಕೊಂಡಿದ್ದೇನೆ. ಮೊದಲನೆಯದು ನಿಜ ಎಂಬುದಕ್ಕೂ ಆ ಕಾಫಿಯ ಹೊರತು ಬೇರೆ ಸಾಕ್ಷಿಯಿಲ್ಲ.

ಕೊನೆಗೆ ಆ ಹೆಂಗಸೇ ಫೋನ್ ಮಾಡಿದರು.

"ನೀವೇನಂತೀರಾ ಮೇಡಂ? ಅವ್ರೇನಾ?"

ಗೊತ್ತಿಲ್ಲ ಎನ್ನಬಾರದು, ಪರಿಶೀಲಿಸಿ ತಿಳಿಸುತ್ತೇವೆ ಎನ್ನಬೇಕು ಎಂದು ನಮಗೆ ಕಲಿಸಿದ್ದರು. ನಾನೂ ಈಗ ಹಾಗೇ ಕಲಿಸುತ್ತೇನೆ. ಅವತ್ತು, "ನನಗೆ ಗೊತ್ತಿಲ್ಲಮ್ಮ" ಎಂದೆ.

"ಸರಿ. ತೆಗ್ದ್ಬುಡಿ ನಂಬ್ರಾನ."

"ಯೋಚನೆ ಮಾಡಿದ್ದೀರಾ? ತೆಗೆದ ಮೇಲೆ ಅವರು ಫೋನ್ ಮಾಡಿದರೂ ಪೆಟ್ಟಿಗೆ ಎತ್ತೋದಿಲ್ಲ."

"ಅದ್ಕೇ ಕಣವ್ವ. ಪೆಟ್ಗೆ ಎತ್ತೋಗಂಟ ಪೆಟ್ಗೆಗೇ ಮಾಡ್ತಾರೆ. ನನ್ನತ್ರ ಮಾತಾಡೋ ಕಷ್ಟ ಇಲ್ವಲ್ಲ. ಅದು ಎತ್ತದೆ ಹೋದ್ರೆ, ತೋಟ ಏನಾಯ್ತು ಅನ್ನೋಕಾದ್ರೂ ನನ್ಗೆ ಮಾಡ್ಲೇಬೇಕು. ನನ್ ನಂಬ್ರ ಬದ್ಲಾಯ್ಸಿಲ್ಲ ನಾನು." ಆಮೇಲೆ ಗದರುವ ಹಾಗೆ, "ಬೇಗ ಮಾಡಿ, ಮನಸ್ಸು ತಿರುಗ್ತೈತೆ."

ಅವರು ಲೈನಿನಲ್ಲಿರುವಾಗಲೇ ತೆಗೆದೆ. ಆಯ್ತಮ್ಮ ಎಂದೆ. ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳುವುದು ನಿಯಮ. ಕೇಳಿದೆ. ಬೇಡ ಎಂದರು.

ಮುಂದಿನ ತಿಂಗಳು ನನ್ನನ್ನು ಕನ್ನಡದ ಟೀಮಿಗೆ ಲೀಡರ್ ಮಾಡಿದರು. ಕರೆ ತೆಗೆದುಕೊಳ್ಳುವುದು ತಪ್ಪಿತು, ಊರು ಬದಲಿಸುವುದು ತಪ್ಪಲಿಲ್ಲ. ತಾನಾಗಿ ಆನ್ ಆಗುತ್ತದೆಂದು ಆ ಮೈದುನ ಮತ್ತೆ ದೂರಲಿಲ್ಲ. ಅದರಿಂದ ಏನನ್ನೂ ಸಾಧಿಸಲಾಗುವುದಿಲ್ಲ. ನಂಬರು ತೆಗೆದದ್ದೇ ಮೆಕ್ಯಾನಿಕ್ ಬಂದು ಒಳಗಿನ ವೈರುಗಳನ್ನೆಲ್ಲ ಹೊಸದಾಗಿ ಹಾಕಿದನಂತೆ. ಕರೆಂಟಿನ ದೋಷವಾಗಿದ್ದರೆ ಅದರಿಂದಲೂ ನಿಂತಿರಬಹುದು.

ಸೇರಿಸಿಲ್ಲದ ನಂಬರಿನಿಂದ ಎಷ್ಟು ಕರೆ ಬಂದರೂ ಆ ಮಾದರಿಯ ಪೆಟ್ಟಿಗೆ ಎಲ್ಲೂ ಗುರುತು ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಆಮೇಲೆ ಯಾರಾದರೂ ಫೋನ್ ಮಾಡಿದರೇ ಎಂಬುದು ನನಗೆ ಗೊತ್ತಿಲ್ಲ. ಆ ಹೆಂಗಸಿಗೆ ಫೋನ್ ಬಂತೇ ಎಂಬುದೂ ಗೊತ್ತಿಲ್ಲ. ಅವರ ನಂಬರು ಇವತ್ತಿಗೂ ನನ್ನ ಪರದೆಯಲ್ಲಿ ಸಿಗುತ್ತದೆ. ಕೇಳಿಲ್ಲ.