ಹಾಜರಾಬಿಯ ಇದ್ದಿಲ ಗೆರೆಗಳು

"ನನ್ನ ಹಲ್ಲಿನ ಮುಂದ ಸುಳ್ಳು ಹೇಳೋ ಭತ್ತ ಹಾನಗಲ್ ತಾಲೂಕಿನಾಗ ಇನ್ನ ಬೆಳದಿಲ್ಲ" ಎಂದು ಹಾಜರಾಬಿ ಹೇಳಿದರೆ ಅಕ್ಕಿಆಲೂರಿನ ಗಿರಣಿಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಕುದಿಸಿದ ಭತ್ತವನ್ನು ಅಂಗಳದಲ್ಲಿ ಒಣಹಾಕುವುದು, ಒಂದು ಕಾಳು ಕಚ್ಚಿ ನೋಡಿ "ಎತ್ರಿ" ಎನ್ನುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಅವಳು ಕಾಳು ಕಚ್ಚಿದ ಸದ್ದಿಗೆ ಸೂರ್ಯ ಮೋಡದ ಮರೆಗೆ ಸರಿಯುತ್ತಿದ್ದನಂತೆ. ಇದನ್ನು ಹೇಳಿದವಳೂ ಅವಳೇ.

೧೯೭೯ರ ಸುಗ್ಗಿಯಲ್ಲಿ ಗಿರಣಿಯಿಂದ ಅಕ್ಕಿಯ ಬದಲು ನುಚ್ಚು ಸುರಿಯತೊಡಗಿತು. ಊರ ಕೋಳಿಗಳು ತಿಂದು ತಿಂದು ನಡೆಯಲಾರದೆ ಬಸ್ಸಿಗೆ ಕಾಯುವಂತಾದವು. ಸಂತೆಯ ದಿನ ನೂರು ಜನರೆದುರು ಮ್ಯಾನೇಜರ್ ಪರಮೇಶಪ್ಪ, "ಭತ್ತ ಕೆಡಿಸಿದಾಕಿ ನೀನ. ಸೋಮವಾರದಿಂದ ಬರಬ್ಯಾಡ" ಎಂದುಬಿಟ್ಟ.

ಅವನನ್ನು ಇದೇ ಅಂಗಳದ ಬಿಸಿಲಲ್ಲಿ ಕೂಡಿಸದಿದ್ದರೆ ತಾನು ಗೌಸಸಾಬನ ಹೆಂಡತಿಯೇ ಅಲ್ಲ ಎಂದು ಹಾಜರಾಬಿ ಆಣೆ ಮಾಡಿದಳು. ಎರಡು ದಿನ ಅವಳು ಉಂಡದ್ದು ಬರೀ ಸಿಟ್ಟು.

ಸೋಮವಾರ ಗಿರಣಿಯ ಒಡೆಯ, ಸಾವಕಾರ ಉಳಿವೆಪ್ಪ ಬರುವಷ್ಟರಲ್ಲಿ ಅವಳು ಗೋದಾಮಿನ ಬಿಳಿ ಗೋಡೆಯ ಮುಂದೆ ಇದ್ದಿಲು ಹಿಡಿದು ನಿಂತಿದ್ದಳು. ಅಕ್ಷರ ಬಾರದು. ನುಚ್ಚಿಗೆಂದು ಒಂದಿಷ್ಟು ಚುಕ್ಕಿ ಇಟ್ಟಳು.

"ಸಾವಕಾರ್ರ, ಅಕ್ಕಿ ಯಾಕ ಮುರೀತು? ಭತ್ತ ಅತೀ ಒಣಗಿತ್ತು." ಗೆರೆ ಎಳೆದು ಸೂರ್ಯನನ್ನು ಬರೆದಳು. "ಯಾಕ ಒಣಗಿತು? ಹೊತ್ತಿಗೆ ಸರಿಯಾಗಿ ಎತ್ತಲಿಲ್ಲ. ಯಾಕ ಎತ್ತಲಿಲ್ಲ? ತುಂಬಾಕ ಚೀಲ ಇದ್ದಿಲ್ಲ." ಮತ್ತೊಂದು ಗೆರೆ, ತುದಿಗೊಂದು ಚೀಲ. "ಚೀಲ ಎಲ್ಲಿ ಹೋದ್ವು? ಸವಣೂರಿಗೆ, ಮ್ಯಾನೇಜರ್ ಸಾಹೇಬ್ರ ಹೆಂಡತಿ ತಮ್ಮನ ಮದುವಿಗೆ. ಬೀಗರು ಕುಂದ್ರಾಕ. ಗಾಡಿ ಹೊಡದ ಬಂದೇಸಾಬನ್ನ ಕೇಳ್ರಿ."

ಕೊನೆಯ ಗೆರೆಯ ತುದಿಗೆ ಒಂದು ಮೀಸೆ ಬರೆದಳು. ಊರಿನಲ್ಲಿ ಅಂಥ ಮೀಸೆ ಇದ್ದದ್ದು ಒಂದೇ.

ಪಕ್ಕದಲ್ಲೇ ನಿಂತಿದ್ದ ಪರಮೇಶಪ್ಪನ ಬೆವರಿನಲ್ಲಿ ಎರಡು ಎಕರೆ ಗದ್ದೆ ನಾಟಿ ಮಾಡಬಹುದಿತ್ತು. ಆದರೂ ಅವನು ಇದ್ದಿಲು ಕಸಿದುಕೊಂಡು ಸೂರ್ಯನ ಪಕ್ಕದಿಂದ ಬೇರೊಂದು ಗೆರೆ ಎಳೆದ.

"ಚೀಲ ಹತ್ತ ದಿನ ಇದ್ದಿಲ್ಲ, ಖರೆ. ನುಚ್ಚು ಒಂದ ತಿಂಗಳಿಂದ ಬರಾಕತ್ತೈತಿ. ಉಳಿದ ಇಪ್ಪತ್ತು ದಿನ 'ಎತ್ರಿ' ಅನ್ನಾಕ ಯಾಕ ತಡಾ ಮಾಡಿದಿ?"

ಉತ್ತರ ಕೊಡಲು ಹಾಜರಾಬಿ ಬಾಯಿ ತೆರೆದಳು. ಹುಬ್ಬಳ್ಳಿಯಲ್ಲಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಕಟಕ್ ಎಂದಿತು. ಕಟ್ಟಿಸಿ ಸರಿಯಾಗಿ ಒಂದು ತಿಂಗಳು. ಗಿರಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಹಲ್ಲಿಗೆ ಕಾಳಿನ ಮೆತ್ತಗಿನ ಹದ ತಿಳಿಯುತ್ತಿರಲಿಲ್ಲ. ಗಟ್ಟಿಯಾಗಿ ಸದ್ದು ಬರುವವರೆಗೆ ಅವಳು ಕಾಯುತ್ತಿದ್ದಳು. ಈಗ ಸುಮ್ಮನಿದ್ದರೆ ಮೀಸೆಯವನ ಕತೆ ಮುಗಿಯುತ್ತಿತ್ತು. ನುಚ್ಚು ಮಾತ್ರ ನಿಲ್ಲುತ್ತಿರಲಿಲ್ಲ.

ಇದ್ದಿಲನ್ನು ಅವನ ಕೈಯಿಂದ ಹಿಂದಕ್ಕೆ ತೆಗೆದುಕೊಂಡು, ಅವನು ಎಳೆದ ಗೆರೆಯ ತುದಿಗೆ ತಾನೇ ಒಂದು ಹಲ್ಲು ಬರೆದಳು. ಆಮೇಲೆ ಸೆಟ್ಟನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು.

ಉಳಿವೆಪ್ಪ ಗೋಡೆಯ ಮೇಲಿನ ಚೀಲಕ್ಕೂ ಹಲ್ಲಿಗೂ ಒಂದೊಂದು ಸಲ ಬೆರಳು ತಾಗಿಸಿದ. "ಚೀಲದ ಗೋದಾಮಿನ ಕೀಲಿ ಇನ್ನ ಮ್ಯಾಲ ಹಾಜರಾಬಿ ಕಡೆ ಇರ್ಲಿ. ಪರಮೇಶಪ್ಪ, ನಿನ್ನ ಹಲ್ಲು ಗಟ್ಟಿ ಅದಾವ. ಕಾಳು ಕಚ್ಚಾಂವ ನೀನ. ಹದ ಆಕಿ ಕಲಿಸ್ತಾಳ."

ವಾರದಲ್ಲಿ ನುಚ್ಚು ನಿಂತಿತು, ಕೋಳಿಗಳು ಮತ್ತೆ ನಡೆಯತೊಡಗಿದವು. ನಡುಮಧ್ಯಾಹ್ನ, ಕಾದ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನಲವತ್ತನೆಯ ಕಾಳು ಕಚ್ಚಿದ ಪರಮೇಶಪ್ಪ ಗೊಣಗಿದ:

"ನಿನ್ನ ಹಲ್ಲು ಹೋಗಿದ್ದಕ್ಕ ನಾ ಬಿಸಲಾಗ ಸಾಯಬೇಕೇನು, ಹಾಜರಾಬಿ?"

ನೆರಳಿನಲ್ಲಿ ಕೀಲಿಗೊಂಚಲು ತಿರುಗಿಸುತ್ತ ಕುಳಿತಿದ್ದ ಹಾಜರಾಬಿ ಹೇಳಿದಳು:

"ಕಚ್ಚರಿ ಸಾಹೇಬ್ರ, ಕಚ್ಚರಿ. ನಿಮ್ಮವು ಉದುರಿದ ದಿನ ಹೇಳ್ರಿ, ಹುಬ್ಬಳ್ಳಿ ಹಲ್ಲಿನ ಡಾಕ್ಟರ್ ಪತ್ತಾ ನನ್ನ ಕಡೆ ಐತಿ."